ತಪ್ಪಿದ ಲೆಕ್ಕವನ್ನು ತೋರಿಸುವ ಪರೀಕ್ಷೆ

ಮಕ್ಕಳೇ, ಶಾಲೆಯ ಸೂಟಿಗೆ ಊರಿಗೆ ಬಂದಾಗ ನೀವು ನಿಮ್ಮ ಪ್ರಗತಿ ಪತ್ರ ತಂದು ನನ್ನ ತೊಡೆಯ ಮೇಲೆ ಇಡುತ್ತೀರಿ. ನಾನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿ, ಎಲ್ಲಿ ಕಡಿಮೆ ಬಿದ್ದಿದೆ, ಏನು ತಪ್ಪಿತು ಎಂದು ಕೇಳುತ್ತೇನೆ. ಹೆಚ್ಚು ಬಂದದ್ದನ್ನು ಬಿಟ್ಟು ಕಡಿಮೆ ಬಂದದ್ದನ್ನೇ ಕೇಳುತ್ತಾಳೆ ಈ ಆಯಿ ಎಂದು ನೀವು ನಿಮ್ಮ ಅವ್ವನ ಮುಂದೆ ದೂರಿದ್ದು ನನ್ನ ಕಿವಿಗೆ ಬಿದ್ದಿದೆ. ಅದಕ್ಕೊಂದು ಕಾರಣವಿದೆ. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ನಾಲ್ಕು ಜನ ಕೂತರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಎರಡನೆಯ ವರ್ಷದ ಮಾತು. ನಮ್ಮೂರ ಶಾಲೆಯಲ್ಲಿ ಐದರವರೆಗೆ ಮಾತ್ರ ಇರುವುದು ನಿಮಗೆ ಗೊತ್ತು. ಆರಕ್ಕೆ ಪಕ್ಕದೂರಿಗೆ ಬಸ್ಸಿನಲ್ಲಿ ಹೋಗಬೇಕು. ಆ ವರ್ಷ ಐದನೆಯವರಿಗೆ ಮೌಲ್ಯಾಂಕನ ನಡೆಯುತ್ತದೆ, ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ, ಬರೆದ ಪೇಪರನ್ನು ಬೇರೆ ಶಾಲೆಯವರು ತಿದ್ದುತ್ತಾರೆ ಎಂದು ಸುದ್ದಿ ಬಂತು. ನಮ್ಮ ಓಣಿಯ ಬಾಯಲ್ಲಿ ಅದು ಎರಡೇ ದಿನಕ್ಕೆ ಮುಲ್ಕಿ ಆಯಿತು. ನಮ್ಮ ಕಾಲದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇರುತ್ತಿತ್ತು. ಅದರಲ್ಲಿ ನಾಪಾಸಾದ ಹುಡುಗ ಮರುವರ್ಷ ಮತ್ತೆ ಕೂಡಬಹುದಿತ್ತು. ಹುಡುಗಿಯಾದರೆ ಅಲ್ಲಿಗೆ ಮುಗಿಯುತ್ತಿತ್ತು.

ಪಕ್ಕದ ಮನೆಯ ಸೊಸೆ ಒಂದು ದಿನ ಚೀಟಿ ಹಿಡಿದುಕೊಂಡು ಬಂದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಗೆ ಬಂದ ಯಾವ ಕಾಗದವಿದ್ದರೂ ನನ್ನ ಹತ್ತಿರ ತಂದು ಓದಿಸಿಕೊಳ್ಳುತ್ತಿದ್ದಳು. ಅವಳ ಒಬ್ಬಳೇ ಮಗಳು ಐದನೆಯದರಲ್ಲಿದ್ದಳು. ಚೀಟಿಯಲ್ಲಿ ಪಾಲಕರ ಸಭೆ ಇದೆ ಎಂದಿತ್ತು. ಜೊತೆಗೆ ಬರಬೇಕೆಂದು ಅವಳು ಹಟ ಹಿಡಿದಳು. ಅಜ್ಜ ಹೋದ ಮೇಲೆ ಹಬ್ಬವಿರಲಿ ಸಭೆಯಿರಲಿ, ನಾನು ಜನ ಕೂಡುವ ಕಡೆ ಹೋಗುವುದನ್ನು ಬಿಟ್ಟಿದ್ದೆ. ಶಾಲೆಯಲ್ಲವೇ ಎಂದು ಹೋದೆ.

ಐದನೆಯ ತರಗತಿಯ ಶಿಕ್ಷಕಿ ಮುದ್ದೇಬಿಹಾಳದ ಕಡೆಯ ಹೆಣ್ಣುಮಗಳು, ಚಿಕ್ಕ ವಯಸ್ಸು. ಕೈಯಲ್ಲಿದ್ದ ಸುತ್ತೋಲೆ ನೋಡಿಕೊಂಡು ಹೇಳಿದಳು. ಕಲಿಕಾ ಫಲ, ಸಾಮರ್ಥ್ಯ, ಮೌಲ್ಯಾಂಕನ ಎಂಬ ಮಾತುಗಳು ಬಂದವು. ಗೋಡೆಗೆ ಒರಗಿ ಕೂತ ತಾಯಂದಿರು ಸೆರಗು ಎಳೆದುಕೊಂಡು ತಲೆಯಾಡಿಸಿದರು. ತಿಳಿಯಿತೇ ಎಂದು ಕೇಳಿದಾಗ ಎಲ್ಲರೂ ಹೂಂ ಎಂದರು. ನಾನೂ ಹೂಂ ಎಂದೆ. ನನಗೂ ಅರ್ಧ ತಿಳಿದಿರಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಬ್ಬಳು, ನಾಪಾಸಾದವರ ಹೆಸರು ಪಂಚಾಯತಿ ಬೋರ್ಡಿಗೆ ಹಚ್ಚುತ್ತಾರಂತೆ ಎಂದಳು. ಇನ್ನೊಬ್ಬಳು, ಅಂಥವರನ್ನು ಮತ್ತೆ ಮೂರನೆಯದರಲ್ಲಿ ಕೂಡಿಸುತ್ತಾರೆ ಎಂದಳು. ಅದನ್ನು ಯಾರು ಹೇಳಿದರೆಂದು ಕೇಳಿದರೆ, ಈಗ ಟೀಚರ್ ಹೇಳಲಿಲ್ಲವೇ ಎಂದು ನನ್ನನ್ನೇ ಗದರಿದಳು.

ಪಕ್ಕದ ಮನೆಯವಳು ನಮ್ಮ ಅಂಗಳಕ್ಕೆ ಬಂದ ಮೇಲೆ ತನ್ನ ಸಂಕಟ ಹೇಳಿದಳು. ಅವಳ ಗಂಡ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಕೆಟ್ಟವನಲ್ಲ. ಆದರೆ ಸಿಂದಗಿಯಲ್ಲಿದ್ದ ಅವನ ತಂಗಿಗೆ ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಕೂಸು ಎತ್ತಿಕೊಳ್ಳಲು ಒಬ್ಬರು ಬೇಕು, ಹುಡುಗಿಯನ್ನು ಕಳಿಸು ಎಂದು ದಿನವೂ ಫೋನು ಮಾಡುತ್ತಿದ್ದಳು. ಅವನು ತಂಗಿಗೆ ಮಾತು ಕೊಟ್ಟಿದ್ದ: ಈ ಪರೀಕ್ಷೆಯಲ್ಲಿ ಹುಡುಗಿ ನಾಪಾಸಾದರೆ ಶಾಲೆ ಸಾಕು, ನಿನ್ನ ಹತ್ತಿರ ಕಳಿಸುತ್ತೇನೆ.

“ಅದಕ್ಕ ಒಂದ್ ವಿಚಾರ ಮಾಡೇನಿ ಕಾಕು,” ಎಂದಳು. “ಪರೀಕ್ಷಾ ದಿನ ಅಕಿನ್ನ ಬಾಗೇವಾಡಿಗೆ ನನ್ನ ತವರಮನಿಗೆ ಕರ್ಕೊಂಡ್ ಹೋಗ್ತೇನಿ. ಪೇಪರ್ ಬರದ್ರ ಅಲ್ಲ ನಾಪಾಸ ಆಗೂದು?”

ಅವಳ ಮುಖ ನೋಡಿದೆ. ಬಹಳ ದಿನ ಯೋಚಿಸಿ ಕಂಡುಕೊಂಡ ದಾರಿ ಎಂಬಂತೆ ಹೇಳಿದ್ದಳು. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಅರ್ಧ ತಿಳಿದವಳು ಏನು ಹೇಳಬೇಕು?

ಮರುದಿನ ಬೆಳಿಗ್ಗೆ ಒಬ್ಬಳೇ ಶಾಲೆಗೆ ಹೋದೆ. ಹೋದೆ ಎಂದರೆ ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ನಿಂತೆ. ಪ್ರಾರ್ಥನೆ ಮುಗಿಯಿತು, ಒಂದು ತಾಸು ಮುಗಿಯಿತು, ನಾನು ನಿಂತೇ ಇದ್ದೆ. ಬಿಸಿಯೂಟದ ಅಡುಗೆಯವಳು ಎರಡು ಸಲ ಇಣುಕಿ ನೋಡಿ ಹೋಗಿ ಶಿಕ್ಷಕಿಗೆ ಹೇಳಿರಬೇಕು, ಶಿಕ್ಷಕಿಯೇ ಬಂದು ನನ್ನನ್ನು ಒಳಗೆ ಕರೆದು ಕುರ್ಚಿ ಹಾಕಿದಳು. ನಾನು ಕೂಡಲಿಲ್ಲ. ನಿಂತೇ ಕೇಳಿದೆ: ನಾಪಾಸಾದರೆ ಏನು ಮಾಡುತ್ತೀರಿ?

ಅವಳು ನಕ್ಕಳು, ನನ್ನನ್ನು ನೋಡಿ ಅಲ್ಲ, ಆ ಮಾತಿಗೆ. ಇದರಲ್ಲಿ ನಾಪಾಸು ಎಂಬುದೇ ಇಲ್ಲ, ಯಾರನ್ನೂ ಅದೇ ತರಗತಿಯಲ್ಲಿ ಉಳಿಸುವುದಿಲ್ಲ, ಎಲ್ಲರೂ ಆರಕ್ಕೆ ಹೋಗುತ್ತಾರೆ ಎಂದಳು. ಹಾಗಿದ್ದರೆ ಪರೀಕ್ಷೆ ಏಕೆ ಎಂದೆ. ಮಗುವಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಿಳಿಯಲು. ಬೇರೆಯವರು ತಿದ್ದಿದರೆ ನಾವು ನಮ್ಮ ಮಕ್ಕಳೆಂದು ಹೆಚ್ಚು ಅಂಕ ಹಾಕುವಂತಿಲ್ಲ, ಅಷ್ಟೇ. ಬಾರದ್ದನ್ನು ಮತ್ತೆ ಕೂಡಿಸಿ ಕಲಿಸುತ್ತೇವೆ. ಪೇಪರು ತಿದ್ದಿ ಬಂದ ಮೇಲೆ ತಂದೆತಾಯಿಯನ್ನು ಕರೆದು ತೋರಿಸುತ್ತೇವೆ.

“ಪೇಪರ್ ತೋರಸ್ತೀರಿ?” ಎಂದು ಎರಡನೆಯ ಸಲ ಕೇಳಿದೆ.

“ತೋರಸ್ತೇವ್ರಿ ಆಯಿ. ಎಲ್ಲಿ ತಪ್ಪಾಗೇತಿ ಅಂತ ಬೆರಳ ಇಟ್ಟು ತೋರಸ್ತೇವಿ.”

ಪಕ್ಕದ ಮನೆಯ ಹುಡುಗಿ ಮೊದಲು ಬರೆದ ಒಂದು ಕಿರುಪರೀಕ್ಷೆಯ ಪೇಪರನ್ನೂ ಶಿಕ್ಷಕಿ ತೆಗೆದು ತೋರಿಸಿದಳು. ಹುಡುಗಿ ಕನ್ನಡ ಮುತ್ತಿನಂತೆ ಬರೆದಿದ್ದಳು. ಭಾಗಾಕಾರ ಮಾತ್ರ ಒಂದೂ ಬಂದಿರಲಿಲ್ಲ. ಅದನ್ನು ಕಲಿಸುವಾಗ ಹುಡುಗಿ ಮೂರು ವಾರ ಶಾಲೆಗೇ ಬಂದಿರಲಿಲ್ಲವಂತೆ. ನೀವೇ ಅವಳ ಮನೆಯವರಿಗೆ ಹೇಳಿರಿ, ನಾನು ಹೇಳಿದರೆ ಹೂಂ ಎಂದು ಎದ್ದು ಹೋಗುತ್ತಾರೆ ಎಂದಳು. ನಿನ್ನೆ ನಾನೂ ಹೂಂ ಎಂದವಳೇ ಎಂದು ಅವಳಿಗೆ ಹೇಳಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಅಂಗಳದಲ್ಲಿ ತಾಡಪತ್ರಿ ಹಾಸಿ ಅವರ ತೋಟದ ಲಿಂಬೆಕಾಯಿ ಸುರಿದಿದ್ದರು. ಅತ್ತೆ, ಸೊಸೆ, ಮಗ ಮೂವರೂ ಕೂತು ಆರಿಸುತ್ತಿದ್ದರು. ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ, ಕಲೆ ಬಿದ್ದವು ಬುಟ್ಟಿಗೆ. ಹುಡುಗಿ ಒಳಗೆ ಇದ್ದಳು. ನಾನೂ ಕೂತು ಆರಿಸತೊಡಗಿದೆ. ಕೈ ಕೆಲಸದಲ್ಲಿದ್ದರೆ ನನಗೆ ಮಾತು ಸ್ವಲ್ಪ ಸಲೀಸು. ಶಿಕ್ಷಕಿ ಹೇಳಿದ್ದನ್ನೆಲ್ಲ ಹೇಳಿದೆ.

ಅತ್ತೆ ಬಾಯಿ ಜೋರಿನವಳು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ಊರೆಲ್ಲ ಅವಳಿಗೆ ಅಂಜುತ್ತಿತ್ತು. ಸಾಲಿಯವರು ಹೇಳೂದು ಹಂಗಽ ಇರ್ತೈತಿ ಎಂದಳು. ಈಗ ನಾವು ಕಲೆ ಬಿದ್ದ ಕಾಯಿ ತೆಗೆದು ಬುಟ್ಟಿಗೆ ಹಾಕುತ್ತಿಲ್ಲವೇ, ಅವರೂ ಹಾಗೆ ನಮ್ಮ ಹುಡುಗಿಯನ್ನು ತೆಗೆದು ಬದಿಗಿಡುತ್ತಾರೆ ಎಂದಳು. ಮಗ ತಲೆ ಎತ್ತದೆ, ಕಾಕು ಏಳನೆಯ ಇಯತ್ತೆ ಪಾಸಾದವರು, ಅವರಿಗೆ ಪರೀಕ್ಷೆಯ ಅಂಜಿಕೆ ಏನು ಗೊತ್ತು ಎಂದ.

ಮಕ್ಕಳೇ, ಇಲ್ಲಿಂದ ಮುಂದಿನದು ನಿಮ್ಮ ಅಪ್ಪನಿಗೂ ಗೊತ್ತಿಲ್ಲ, ನಿಮ್ಮ ಅಜ್ಜನಿಗೂ ಗೊತ್ತಿರಲಿಲ್ಲ.

“ನಾ ಪಾಸ್ ಆಗಿಲ್ಲಪಾ,” ಎಂದೆ. “ಮುಲ್ಕಿಯೊಳಗ ನಾಪಾಸ ಆಗೇನಿ. ಲೆಕ್ಕದಾಗ ಹೋತು.”

ಮೂವರ ಕೈಗಳೂ ನಿಂತವು. ನಾನು ಕಾಯಿ ಆರಿಸುತ್ತಲೇ ಇದ್ದೆ, ಇಲ್ಲದಿದ್ದರೆ ಮುಂದಿನದು ಬರುತ್ತಿರಲಿಲ್ಲ. ನಮ್ಮಪ್ಪ ಎತ್ತಿನ ಚಕ್ಕಡಿಯಲ್ಲಿ ನನ್ನನ್ನು ಇಂಡಿಗೆ ಕರೆದುಕೊಂಡು ಹೋಗಿ ಪರೀಕ್ಷೆಗೆ ಕೂಡಿಸಿದ್ದು, ಫಲಿತಾಂಶದ ದಿನ ಹೆಡ್ ಮಾಸ್ತರರು ಕಟ್ಟೆಯ ಮೇಲೆ ನಿಂತು ಪಾಸಾದವರ ನಂಬರು ಓದಿದ್ದು, ನನ್ನ ಹಿಂದಿನ ನಂಬರೂ ಮುಂದಿನ ನಂಬರೂ ಬಂದು ನನ್ನದು ಬಾರದ್ದು, ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಮರುದಿನ ಅವ್ವನಿಗೆ, ನಾಳೆಯಿಂದ ಅವಳನ್ನೂ ಹೊಲಕ್ಕೆ ಕರೆದುಕೊಂಡು ಹೋಗು ಎಂದ. ಲಗ್ನದ ಮಾತು ಬಂದಾಗ ಹುಡುಗಿ ಏಳನೆಯವರೆಗೆ ಕಲಿತಿದ್ದಾಳೆ ಎಂದ. ಅದು ಸುಳ್ಳಲ್ಲ. ಕೇಳಿದವರು ಪಾಸು ಎಂದುಕೊಂಡರು, ನಾನು ತಿದ್ದಲಿಲ್ಲ.

“ಯಾವ ಲೆಕ್ಕ ತಪ್ಪಿತ್ತು ಅಂತ ನನಗ ಇವತ್ತಿಗೂ ಗೊತ್ತಿಲ್ಲ,” ಎಂದೆ. “ಯಾರೂ ತೋರಸಲಿಲ್ಲ. ಇವ್ರು ತೋರಸ್ತೇವಿ ಅನ್ನಾಕತ್ತಾರ. ನಿನ್ನ ಮಗಳಿಗೆ ಏನು ಬರೂದಿಲ್ಲ ಅಂತ ನೀ ಒಮ್ಮೆ ನೋಡಪಾ. ನೋಡಿದ ಮ್ಯಾಲ ಸಿಂದಗಿ ಮಾತಾಡು.”

ಮೊದಲು ಮಾತಾಡಿದವಳು ಅತ್ತೆ. ಕೈಯಲ್ಲಿದ್ದ ಕಾಯಿಯನ್ನು ಎಲ್ಲಿ ಹಾಕಬೇಕೆಂದು ಮರೆತವಳಂತೆ ಹಿಡಿದುಕೊಂಡು ಮಗನನ್ನು ಕೇಳಿದಳು:

“ಅಲ್ಲೋ, ಗಿಡದ ಎಲಿ ಹಳದಿ ಆದ್ರ ಏನ್ ಮಾಡ್ತಿ? ಗಿಡಾ ಕಿತ್ತ ಒಗಿತಿಯೇನು, ಏನು ಕಮ್ಮಿ ಬಿದ್ದೈತಿ ನೋಡ್ತಿಯೋ?”

“ನೋಡ್ತೇನಿ.”

“ಮತ್ತ ನೋಡು. ಮೂರ ವಾರ ಹುಡುಗಿನ್ನ ಲಿಂಬಿ ಹರಿಯಾಕ ಕರ್ಕೊಂಡ್ ಹೋದಾಂವ ನೀನಽ.”

ಸೊಸೆ ಬಾಗೇವಾಡಿಯ ಮಾತು ಎತ್ತಲಿಲ್ಲ. ಮಗ ಎದ್ದು ಕೈ ತೊಳೆದುಕೊಂಡ. ಪೇಪರು ನಮ್ಮ ಕೈಗೇ ಕೊಡುತ್ತಾರೆಯೇ, ದೂರದಿಂದ ತೋರಿಸುತ್ತಾರೆಯೇ ಎಂದು ಕೇಳಿದ. ಕೈಗೇ ಕೊಡುತ್ತಾರೆ ಎಂದೆ. ಅದು ನನಗೂ ಖಾತ್ರಿ ಇರಲಿಲ್ಲ. ಮರುದಿನ ಹೋಗಿ ಶಿಕ್ಷಕಿಯ ಮುಂದೆ ಹೀಗೆ ಹೇಳಿಬಿಟ್ಟಿದ್ದೇನೆ ಎಂದಾಗ, ಹಾಗಾದರೆ ಕೈಗೇ ಕೊಡೋಣ ಎಂದಳು.

ಹುಡುಗಿ ಎಲ್ಲ ದಿನವೂ ಹೋಗಿ ಬರೆದು ಬಂದಳು. ಲೆಕ್ಕದ ದಿನ ಅಳುಮುಖ ಮಾಡಿಕೊಂಡು ಬಂದಾಗ ಅವಳ ಅಜ್ಜಿ, ಅಳುವುದೇಕೆ, ಗೊತ್ತಾಗಲಿ ಎಂದೇ ಬರೆಸಿದ್ದು ಎಂದು ಗದರಿ ಬೆಲ್ಲ ಕೊಟ್ಟಳಂತೆ.

ಪೇಪರು ತೋರಿಸುವ ದಿನ ಹುಡುಗಿಯ ಅಪ್ಪ ಅವ್ವನ ಜೊತೆ ನಾನೂ ಹೋದೆ. ಶಿಕ್ಷಕಿ ಒಂದೊಂದಾಗಿ ಅಪ್ಪನ ಕೈಗೆ ಕೊಟ್ಟಳು. ಅವನಿಗೆ ಓದು ಅಷ್ಟಕ್ಕಷ್ಟೆ, ಆದರೆ ಲೆಕ್ಕ ಗೊತ್ತಿತ್ತು. ಕನ್ನಡದ ಪೇಪರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಲೆಕ್ಕದ ಪೇಪರಿನಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಸರಿಯಿತ್ತು. ಭಾಗಾಕಾರದ ಜಾಗ ಖಾಲಿ. ಒಂದು ಕಡೆ ಮಾತ್ರ ಶುರು ಮಾಡಿ, ಹೊಡೆದು ಹಾಕಿ, ಮತ್ತೆ ಶುರು ಮಾಡಿ ಬಿಟ್ಟಿದ್ದಳು. ಅವನು ಆ ಹೊಡೆದ ಗೆರೆಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ.

ಪ್ರಶ್ನೆ ಕೇಳಿದವಳು ಹೆಂಡತಿ. ಶಾಲೆಯಲ್ಲಿ ಅವಳ ದನಿ ಕೇಳಿದ್ದು ನನಗೆ ಅದೇ ಮೊದಲು.

“ಇದೊಂದು ಬಂದ್ರ ಅಕಿಗೆ ಮುಂದ ತ್ರಾಸ ಇಲ್ಲೇನ್ರಿ?”

ಇಲ್ಲ ಎಂದಳು ಶಿಕ್ಷಕಿ. ಸೂಟಿಗೆ ಮುಂಚೆ ದಿನಾ ಅರ್ಧ ತಾಸು ಹೆಚ್ಚು ಕೂಡಿಸಿಕೊಳ್ಳುತ್ತೇನೆ, ನೀವು ತಪ್ಪಿಸದೆ ಕಳಿಸಬೇಕು ಎಂದಳು. ಹೆಂಡತಿ ಗಂಡನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಅವನು ಪೇಪರನ್ನು ಹೆಂಡತಿಯ ಕೈಗೆ ಕೊಟ್ಟು, ಹೊರಗೆ ಹೋಗಿ ಶಾಲೆಯ ಮೆಟ್ಟಿಲ ಮೇಲೆ ನಿಂತು ಸಿಂದಗಿಗೆ ಫೋನು ಹಚ್ಚಿದ. ತಂಗಿ ಆ ಕಡೆಯಿಂದ ಬಹಳ ಮಾತಾಡಿರಬೇಕು, ಅವನು ಸುಮ್ಮನೆ ಕೇಳಿಸಿಕೊಂಡ. ಕಡೆಗೆ ಹೇಳಿದ್ದು ನಮಗೆಲ್ಲ ಒಳಗೆ ಕೇಳಿಸಿತು.

“ಇಲ್ಲವಾ ತಂಗಿ, ಕೂಸಿಗೆ ಬ್ಯಾರೆ ಯಾರನ್ನರ ನೋಡು. ಅಕಿಗೆ ಸಾಲಿ ಐತಿ.”