ಬಾಕಿ ಉಳಿದ ಎಂಟು ತಿಂಗಳು

ಮುನ್ಸಿಫ್ ಕೋರ್ಟಿನ ಜಡ್ಜ್ ಆಗಬೇಕೆಂಬ ನನ್ನ ಹಟ ಹಳೆಯದು. ದಕ್ಷಿಣ ಕನ್ನಡದ ಒಂದು ಸಣ್ಣ ಊರಿನ ಕೋರ್ಟಿನಲ್ಲಿ ಎರಡು ವರ್ಷ ನಾಲ್ಕು ತಿಂಗಳು ವಕೀಲಿ ಮಾಡಿ, ಮದುವೆಯಾಗಿ ಮಸ್ಕತ್ತಿಗೆ ಬಂದೆ. ಇಲ್ಲಿನ ಅಲ್ ಅಜೈಬಾ ಬಡಾವಣೆಯ ಕಂಪನಿಯೊಂದರಲ್ಲಿ ಕರಾರುಪತ್ರ ತಿದ್ದುವ ಕೆಲಸ ಸಿಕ್ಕಿತು. ಸಂಬಳದ ಕೆಲಸ ಹಿಡಿದವರು ವಕೀಲರ ಪರಿಷತ್ತಿಗೆ ತಿಳಿಸಿ ವಕೀಲಿಯ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕು. ಗಲ್ಫಿಗೆ ಬಂದ ನಮ್ಮವರು ಎಷ್ಟೋ ಜನ ತಿಳಿಸುವುದಿಲ್ಲ, ಮುಂದೆ ಬೇಕಾದೀತು ಅಂತ ಸುಮ್ಮನಿರುತ್ತಾರೆ. ನಾನೂ ಸುಮ್ಮನಿದ್ದೆ.

ಈ ಸಲ ಜಡ್ಜ್ ಹುದ್ದೆಗೆ ಅರ್ಜಿ ಕರೆದಾಗ ಮೂರು ವರ್ಷದ ವಕೀಲಿ ಕಡ್ಡಾಯ ಎಂದರು. ನನಗೆ ಎಂಟು ತಿಂಗಳು ಕಮ್ಮಿ. ಮುಂದಿನ ಸಲ ಕರೆಯುವಷ್ಟರಲ್ಲಿ ನನ್ನ ವಯಸ್ಸು ಮೀರಿದರೂ ಮೀರೀತು. ನಾನು ಕೆಲಸ ಕಲಿತ ಸೀನಿಯರ್ ವಕೀಲರಿಗೆ ಫೋನ್ ಮಾಡಿದೆ.

"ಅದೆಂತ ದೊಡ್ಡ ವಿಷಯ ಮಾರಾಯ್ತಿ? ಇಷ್ಟು ವರ್ಷವೂ ನನ್ನ ಆಫೀಸಿನಲ್ಲೇ ಇದ್ದಿ ಅಂತ ಸರ್ಟಿಫಿಕೇಟ್ ಕೊಡ್ತೇನೆ. ಸನ್ನದು ಚಾಲ್ತಿಯಲ್ಲೇ ಉಂಟಲ್ಲ!"

ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಗಂಡನಿಗೆ ಖುಷಿಯೋ ಖುಷಿ. "ಖಲಾಸ್, ಕೆಲಸ ಆಯ್ತು! ಅರ್ಜಿಗೆ ಪಾಸ್‌ಪೋರ್ಟ್ ಯಾರು ಕೇಳ್ತಾರೆ?"

"ಕೇಳದಿದ್ರೂ ಅದರಲ್ಲಿ ಒಮಾನಿನ ಸೀಲು ಉಂಟಲ್ಲ," ಎಂದೆ.

"ಹರಿಶ್ಚಂದ್ರನ ಮೊಮ್ಮಗಳು!" ಎಂದು ನಕ್ಕ.

ನಗಲಿ. ನಿಜವನ್ನೇ ಹೇಳುತ್ತೇನೆಂದು ಸಾಕ್ಷಿಕಟ್ಟೆಯಲ್ಲಿ ಪ್ರಮಾಣ ಮಾಡುವಾಗ ಮುದುಕಿಯರ ಕೈ ನಡುಗುವುದನ್ನು ಅವನು ನೋಡಿಲ್ಲ, ನಾನು ನೋಡಿದ್ದೇನೆ. ಅಂಥವರಿಂದ ಪ್ರಮಾಣ ಮಾಡಿಸಬೇಕಾದವಳು ಸುಳ್ಳು ಕಾಗದ ಹಿಡಿದು ಒಳಗೆ ನುಗ್ಗಬೇಕೇ? ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಮರುದಿನ ವಕೀಲರ ಪರಿಷತ್ತಿಗೆ ಪತ್ರ ಬರೆದೆ. ಇಷ್ಟು ವರ್ಷದಿಂದ ಒಮಾನಿನಲ್ಲಿ ಸಂಬಳಕ್ಕಿದ್ದೇನೆ, ತಿಳಿಸದೆ ಇದ್ದದ್ದು ನನ್ನದೇ ತಪ್ಪು ಎಂದು. ಗಂಡ ಓದಿ ಬಿಳಿಚಿಕೊಂಡ.

"ಇದನ್ನು ಕಳಿಸಿದ್ರೆ ಸನ್ನದೇ ಹೋದೀತು. ಆಮೇಲೆ ಜಡ್ಜೂ ಇಲ್ಲ, ವಕೀಲಿಯೂ ಇಲ್ಲ."

"ಹೋದ್ರೆ ಹೋಗಲಿ. ಉಳಿದ್ರೆ ಊರಿನ ಕೋರ್ಟಿನಲ್ಲೇ ನಿಂತು ಎಂಟು ತಿಂಗಳು ಮುಗಿಸ್ತೇನೆ."

ಹೇಳಿದೆನೇ ಹೊರತು ಕಳಿಸುವ ಮುಂಚೆ ಪತ್ರವನ್ನು ಮೂರು ಸಲ ಓದಿದೆ. ಸನ್ನದು ಸಿಕ್ಕಿದ ದಿನ ಅಮ್ಮ ಬೀದಿಗೆಲ್ಲ ಪಾಯಸ ಹಂಚಿದ್ದಳು. ಆದರೂ ಪತ್ರ ಕಳಿಸಿದೆ.

ವಿಷಯ ತಿಳಿದು ಸೀನಿಯರ್ ಫೋನಿನಲ್ಲೇ ಕೂಗಾಡಿದರು. "ನಿನಗೆ ತಲೆ ಸರಿ ಉಂಟಾ?"

"ಉಂಟು ಸಾರ್. ಅದಕ್ಕೇ ಕಳಿಸಿದ್ದು."

ಅರ್ಜಿ ಹಾಕದೆಯೇ ಕೊನೆಯ ದಿನ ಕಳೆಯಿತು. ಪರಿಷತ್ತಿನ ಉತ್ತರ ಇನ್ನೂ ಬಂದಿಲ್ಲ. ನಾನು ಕಂಪನಿಗೆ ರಾಜೀನಾಮೆ ಕೊಟ್ಟು, ಮಂಗಳೂರಿಗೆ ಹೋಗುವ ಟಿಕೆಟ್ ಮಾತ್ರ ಮಾಡಿಸಿದೆ, ವಾಪಸು ಬರುವುದಕ್ಕೆ ಮಾಡಿಸಲಿಲ್ಲ.