ಎಣ್ಣೆ ಕುಡಿದ ಗೋಡೆ

ಮಗಳ ಸೀಮಂತದ ದಿನ ಬಾಣಾವರದ ಬೀಗಿತ್ತಿ ನಮ್ಮ ಬಚ್ಚಲುಮನೆಗೆ ಹೋಗಿ ಬಂದರು. ಒಳಗೆ ಎರಡು ನಿಮಿಷವೂ ಇರಲಿಲ್ಲ. ಹೊರಗೆ ಬಂದಾಗ ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಏನೂ ಹೇಳಲಿಲ್ಲ. ನೆಂಟರೆಲ್ಲ ಹೋದ ಮೇಲೆ ನನ್ನ ಹೆಂಡತಿ ಎಂಜಲೆಲೆ ಎತ್ತುತ್ತಾ, "ನೋಡಿದ್ರಾ?" ಎಂದಳು. ನಾನು ನೋಡಿದ್ದೆ.

ಬೀಗರದು ಕೊಬ್ಬರಿ ವ್ಯಾಪಾರ. ಹೊಸದಾಗಿ ಕಟ್ಟಿಸಿದ ಮನೆ, ಸ್ನಾನದ ಕೋಣೆಗಳಿಗೆ ಸೂರಿನವರೆಗೂ ಟೈಲ್ಸ್. ಅರಸೀಕೆರೆಯ ನಮ್ಮ ಮನೆ ನನ್ನ ತಂದೆಯ ಕಾಲದ್ದು. ಬಚ್ಚಲಿನ ಎರಡು ಗೋಡೆಗಳಿಗೆ ಎದೆಮಟ್ಟದವರೆಗೆ ಸಣ್ಣ ಬಿಳಿ ಟೈಲ್ಸ್ ಇವೆ. ಬಿಳಿ ಎಂದು ನಾವು ಅಭ್ಯಾಸಬಲದಿಂದ ಕರೆಯುತ್ತಿದ್ದೆವು. ಬೋರ್‌ವೆಲ್ ನೀರಿನ ಉಪ್ಪು ಅವುಗಳ ಮೇಲೆ ಪಟ್ಟೆಪಟ್ಟೆಯಾಗಿ ಕಟ್ಟಿಕೊಂಡಿತ್ತು. ಮೂಲೆಯಲ್ಲಿ ಹಂಡೆ ಒಲೆ. ತೆಂಗಿನ ಮಟ್ಟೆ, ಚಿಪ್ಪು ಉರಿಸಿ ಉರಿಸಿ ಮೇಲಿನ ಸುಣ್ಣವೆಲ್ಲ ಮಸಿ. ಒಲೆಯ ಎದುರಿನ ಗೋಡೆಗೆ ಟೈಲ್ಸ್ ಇಲ್ಲ, ಬರೀ ಸಿಮೆಂಟಿನ ಗಿಲಾವು. ನೆಲ ಕೆಂಪು ಗಾರೆಯದು, ಸೋಪಿನ ನೀರು ಬಿದ್ದರೆ ಜಾರುತ್ತದೆ. ಬಚ್ಚಲಿಗೆ ಒತ್ತಿಕೊಂಡೇ ಒಂದು ಸಣ್ಣ ಕೋಣೆಯಿದೆ. ಒಲೆಯ ಬಿಸಿ ಆ ಕಡೆಗೂ ಹೋಗಲೆಂದು ನಡುಗೋಡೆಯಲ್ಲಿ ಒಂದು ಗವಾಕ್ಷಿ ಬಿಟ್ಟಿದ್ದಾರೆ. ಮನೆಯ ಬಾಣಂತಿಯರೆಲ್ಲ ಮಲಗಿದ್ದು ಆ ಕೋಣೆಯಲ್ಲೇ. ಮಗಳೂ ಅಲ್ಲೇ ಮಲಗುವುದೆಂದು ತೀರ್ಮಾನವಾಗಿತ್ತು.

ಟೈಲ್ಸ್ ಕೆಲಸದವನನ್ನು ಕರೆಸಿದೆ. ಅವನು ಬಾಗಿಲಲ್ಲೇ ನಿಂತು ಒಂದು ಸುತ್ತು ನೋಡಿದ. "ಇದನ್ನೆಲ್ಲ ಒಡೀಬೇಕು ಸಾ. ಹದಿನೈದು ದಿನ ಧೂಳು. ನಂಗೆ ಬೇಲೂರಲ್ಲಿ ಒಂದು ಲಾಡ್ಜ್ ಕೆಲಸ ಐತೆ, ಅದು ಮುಗಿಸ್ಕಂಡು ಬತ್ತೀನಿ."

"ಅಷ್ಟರಲ್ಲಿ ಹೆರಿಗೆ ಆಗಿರುತ್ತಪ್ಪ."

"ಹಂಗಾದ್ರೆ ಮಗೀನ ನಾಮಕರಣಕ್ಕೆ ಬತ್ತೀನಿ ಬುಡಿ" ಎಂದು ಹೋದ.

ನಾನೇ ಬಣ್ಣ ಹೊಡೆಯುವುದೆಂದು ನಿಶ್ಚಯಿಸಿದ್ದು ಹೀಗೆ. ಹೆರಿಗೆಗೆ ಇನ್ನೂ ನಾಲ್ಕು ವಾರ ಎಂದು ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ದಿನಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುವ ಕೆಲಸ ನನ್ನದು. ಒಂದು ಮಾತನ್ನು ಇಬ್ಬರು ಹೇಳದೆ ನಂಬುವುದಿಲ್ಲ. ಹಾರ್ಡ್‌ವೇರ್ ಅಂಗಡಿಯವರನ್ನೂ ಕೇಳಿದೆ. ಟೈಲ್ಸ್ ಮೇಲೆ ಮೊದಲು ಹಿಡಿತಕ್ಕೆ ಪ್ರೈಮರ್, ಆಮೇಲೆ ಎನಾಮಲ್ ಎರಡು ಕೋಟು. ನೆಲಕ್ಕೆ ನೆಲದ ಬಣ್ಣ, ಅದು ಹಸಿಯಿರುವಾಗಲೇ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ, ಒಣಗಿದ ಮೇಲೆ ಇನ್ನೊಂದು ಕೋಟು ಹೊಡೆದರೆ ಕಾಲು ಜಾರುವುದಿಲ್ಲ. "ಕೊನೇ ಕೋಟು ಆದ್ಮೇಲೆ ಏಳು ದಿನ ನೀರು ತಾಗಿಸ್ಬೇಡಿ ಸಾರ್" ಎಂದರು ಅಂಗಡಿಯವರು. ವಿಡಿಯೋದವರೂ ಅದನ್ನೇ ಹೇಳಿದ್ದರು. ನಾಲ್ಕು ವಾರದಲ್ಲಿ ಏಳು ದಿನ ಕಳೆದರೂ ಸಮಯ ಮಿಗುತ್ತದೆ ಎಂದು ಲೆಕ್ಕ ಹಾಕಿದೆ.

ಡಬ್ಬ ಹಿಡಿದು ಬರುವಾಗ ಎದುರು ಮನೆಯ ಅಜ್ಜಿ ಜಗಲಿಯ ಮೇಲೆ ಕುಳಿತಿದ್ದರು. ಹತ್ತಿರದ ಗಂಡಸಿ ಊರಿನಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದವರು. ಬೀದಿಯ ಎಳೆಮಕ್ಕಳಿಗೆಲ್ಲ ನೀರು ಹಾಕಿದ ಕೈ ಅವರದು. ನನ್ನ ತಂಗಿಗೂ, ನನ್ನ ಮಗಳಿಗೂ ಅವರೇ ಹಾಕಿದ್ದು.

"ಏನ್ಲಾ ಅದು?"

"ಬಚ್ಚಲಿಗೆ ಬಣ್ಣ, ಅಜ್ಜಿ."

"ಒಲೆ ಎದುರಿನ ಗೋಡೆಗೆ ಬಣ್ಣ ಹಿಡಿಯಾಕಿಲ್ಲ ಕಣಪ್ಪ" ಎಂದರು. ನಾನು ನಕ್ಕು ತಲೆಯಾಡಿಸಿ ಒಳಗೆ ಹೋದೆ. ಯಾಕೆ ಎಂದು ಕೇಳಲಿಲ್ಲ.

ಮಸಿಯನ್ನು ಸೋಡಾ ನೀರಿನಲ್ಲಿ ತೊಳೆದೆ. ಟೈಲ್ಸಿನ ಉಪ್ಪನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಆಮೇಲೆ ಎಮೆರಿ ಕಾಗದದಲ್ಲಿ ತಿಕ್ಕಿದೆ. ಮೂರು ದಿನ ಅದೇ ಆಯಿತು. ನಾವು ಹಿತ್ತಲಲ್ಲಿ ತಗಡು ಮರೆಮಾಡಿಕೊಂಡು ಸ್ನಾನ ಮಾಡಿದೆವು. ಟೈಲ್ಸಿಗೆ ಬಣ್ಣ ಚೆನ್ನಾಗಿ ಕೂತಿತು. ನೆಲವೂ ಚೆನ್ನಾಗಿ ಬಂತು. ಮಗಳು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ಅಪ್ಪ, ನಮ್ಮತ್ತೆ ಇನ್ನು ಸೀರೆ ಬಿಟ್ಕೊಂಡೇ ಬರಬಹುದು" ಎಂದಳು.

ತೊಂದರೆ ಕೊಟ್ಟದ್ದು ಒಲೆಯ ಎದುರಿನ ಗೋಡೆ. ಅದರ ನಡುವೆ, ನೆಲದಿಂದ ಎರಡೂವರೆ ಅಡಿಯವರೆಗೆ, ಒಂದು ಜಾಗದಲ್ಲಿ ಬಣ್ಣ ನಿಲ್ಲುತ್ತಲೇ ಇರಲಿಲ್ಲ. ಬ್ರಷ್ ಎಳೆದರೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಸರಿದು ಗುಂಡುಗುಂಡಾಗಿ ಕೂರುತ್ತಿತ್ತು. ಬಣ್ಣ ತೆಳುವಾಯಿತೆಂದು ತಿಳಿದು ದಪ್ಪಗೆ ಹಚ್ಚಿದೆ. ಮರುದಿನ ಅದರ ಮೇಲೆ ಇನ್ನೂ ದಪ್ಪಗೆ.

ಅಂದು ಬುಧವಾರ. ಆ ಎರಡನೆಯ ಸಲ ಹಚ್ಚುತ್ತಿರುವಾಗ, ಮಧ್ಯಾಹ್ನ ಮೂರರ ಸುಮಾರಿಗೆ, ಹೆಂಡತಿ ಬಾಗಿಲಿಗೆ ಬಂದಳು. ಅವಳ ದನಿ ಎಂದಿನಂತೆಯೇ ಇತ್ತು. ಅದರಿಂದಲೇ ನನಗೆ ಭಯವಾಯಿತು. "ರೀ, ಆಟೋ ಕರೀರಿ. ಮಗಳಿಗೆ ನೀರು ಹೋಗ್ತಿದೆ."

ಹೆರಿಗೆಗೆ ಇನ್ನೂ ಮೂರು ವಾರಕ್ಕಿಂತ ಹೆಚ್ಚು ಇತ್ತು.

ಕೈಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಅವರ ಜೊತೆ ಆಸ್ಪತ್ರೆಗೆ ಹೊರಟೆ. ಅಳಿಯನಿಗೆ ಫೋನ್ ಮಾಡಿದೆ. ಅವನು ಬಾಣಾವರದ ತಮ್ಮ ಅಂಗಡಿಯಿಂದ ನೇರ ಹೊರಟ. ಸಂಜೆ ಆರೂವರೆಗೆ ಹೆಣ್ಣು ಮಗು ಹುಟ್ಟಿತು. ಎರಡು ಕೆಜಿ ನೂರು ಗ್ರಾಂ. ಮೊದಲ ಅರ್ಧ ಗಂಟೆ ಉಸಿರು ತುಂಬಾ ಜೋರಾಗಿದೆ ಎಂದು ಒಳಗೇ ಇಟ್ಟುಕೊಂಡರು. ಆಮೇಲೆ ನರ್ಸು ಬಟ್ಟೆಯಲ್ಲಿ ಸುತ್ತಿ ತಂದರು. ನಾನು ಕೈ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ನಿಮ್ಮ ಕೈ ಏನೋ ವಾಸನೆ ಬರ್ತಿದೆಯಲ್ಲ ಸಾರ್. ಮುಟ್ಟಬೇಡಿ."

ಡಾಕ್ಟರು ಮರುದಿನ ವಿವರವಾಗಿ ಹೇಳಿದರು. ಉಸಿರು ಈಗ ಸರಿಯಾಗಿದೆ, ಹಾಲು ಕುಡಿಯುತ್ತಿದೆ. ಎಲ್ಲ ಹೀಗೇ ಇದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಕರೆದೊಯ್ಯಬಹುದು. ಆದರೆ ತೂಕ ಎರಡೂವರೆ ಕೆಜಿ ದಾಟುವವರೆಗೆ ತಲೆಗೆ ನೀರು ಹಾಕುವಂತಿಲ್ಲ, ಮೈ ಒರೆಸಿದರೆ ಸಾಕು. "ಹೊಗೆ ಬೇಡ, ಸಾಂಬ್ರಾಣಿ ಬೇಡ. ಸೆಂಟು, ಪೇಂಟು, ಯಾವ ವಾಸನೆಯೂ ಮಗುವಿನ ಹತ್ತಿರ ಬರಬಾರದು." ಪೇಂಟು ಎಂದದ್ದು ಅವರ ಮಾತಿನ ಓಘದಲ್ಲಿ. ನಮ್ಮ ಮನೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಮನೆಗೆ ಹೋಗಿ ಬೀಗ ತೆಗೆದೆ. ವಾಸನೆ ನಡುಮನೆಗೇ ಬಂದಿತ್ತು. ಟೈಲ್ಸಿನ ಬಣ್ಣ ಮುಟ್ಟಿ ನೋಡಿದೆ, ಒಣಗಿತ್ತು. ನೆಲವೂ ಒಣಗಿತ್ತು. ಒಲೆಯ ಎದುರಿನ ಗೋಡೆಗೆ ಬೆರಳಿಟ್ಟರೆ ಹಾಲಿನ ಕೆನೆಯ ಹಾಗೆ ಮೇಲ್ಪದರ ಸುಕ್ಕುಗಟ್ಟಿ, ಒಳಗೆಲ್ಲ ಹಸಿ. ಬಾಣಂತಿ ಕೋಣೆಗೆ ಹೋಗಿ ಗವಾಕ್ಷಿಯ ಕೆಳಗೆ, ತೊಟ್ಟಿಲು ಕಟ್ಟಲು ಗುರುತು ಮಾಡಿದ್ದ ಜಾಗದಲ್ಲಿ ನಿಂತೆ. ಕಣ್ಣು ಉರಿಯಿತು.

ಹಾರ್ಡ್‌ವೇರ್ ಅಂಗಡಿಗೆ ಫೋನ್ ಮಾಡಿದೆ. ಆ ಗೋಡೆಯ ಲಕ್ಷಣವನ್ನೆಲ್ಲ ಕೇಳಿದ ಮೇಲೆ ಅವರು, "ಕೆಳಗಡೆ ಎಣ್ಣೆ ಐತೆ ಸಾರ್. ಎಣ್ಣೆ ಗೋಡೆ ಅಂತ ನೀವು ಹೇಳ್ಲೇ ಇಲ್ಲ" ಎಂದರು.

"ಯಾವಾಗ ಒಣಗುತ್ತೆ?"

"ಅದು ಒಣಗಲ್ಲ."

ಆಸ್ಪತ್ರೆಯ ಪಡಸಾಲೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಹೇಳಿ, ಇನ್ನೊಂದು ಮಾತನ್ನೂ ಮುಂದಿಟ್ಟೆ: ಭಾನುವಾರ ತಾಯಿ ಮಗುವನ್ನು ನೇರವಾಗಿ ಬಾಣಾವರಕ್ಕೆ ಕಳಿಸೋಣ. ಅಲ್ಲಿ ಗಾಳಿ ಬೆಳಕಿನ ಕೋಣೆಯಿದೆ.

ಅವಳು ಒಪ್ಪಲಿಲ್ಲ. "ಚೊಚ್ಚಲ ಬಾಣಂತನ. ಮಾಡಕ್ಕಾಗದೆ ಕಳಿಸಿದ್ರು ಅನ್ನಿಸ್ಕೋಬೇಕಾ? ಅವರು ಮಾತಲ್ಲಿ ಏನೂ ಅನ್ನಲ್ಲ. ಸೀರೆ ಎತ್ತಿ ಹಿಡ್ಕೋತಾರೆ."

"ಮಗುವಿನ ಉಸಿರಿನ ವಿಷಯ ಇದು."

"ಅದು ನಂಗೂ ಗೊತ್ತು. ಬಣ್ಣ ಹೊಡೆದೋರು ನೀವು, ಸರಿ ಮಾಡಿ. ಶನಿವಾರ ಸಂಜೆವರೆಗೂ ನೋಡೋಣ. ಆಗದಿದ್ರೆ ನಾನೇ ಬೀಗಿತ್ತಿಗೆ ಫೋನ್ ಮಾಡ್ತೀನಿ. ನೀವು ಮಾಡಬೇಡಿ, ನೀವು ವರದಿ ಒಪ್ಪಿಸಿದ ಹಂಗೆ ಮಾತಾಡ್ತೀರಿ."

ಶುಕ್ರವಾರ ಬೆಳಿಗ್ಗೆ ಎದುರು ಮನೆಗೆ ಹೋದೆ. ಅಜ್ಜಿ ಏನನ್ನೂ ಕೇಳದೆ ಎದ್ದು ನನ್ನ ಹಿಂದೆಯೇ ಬಂದರು. ಗೋಡೆಯ ಮುಂದೆ ನಿಂತು, ನಾನು ಎರಡು ದಿನ ದಪ್ಪಗೆ ಬಳಿದಿದ್ದ ಜಾಗವನ್ನು ನೋಡಿದರು. ಆಮೇಲೆ ತಿರುಗಿ ನಿಂತು, ಅದಕ್ಕೆ ತಮ್ಮ ಬೆನ್ನನ್ನು ಮುಟ್ಟದ ಹಾಗೆ ಹಿಡಿದು ತೋರಿಸಿದರು. ಕೂತರೆ ಅವರ ಬೆನ್ನು ಬರುವುದು ಸರಿಯಾಗಿ ಅಲ್ಲಿಗೇ.

"ಕಾಲು ನೀಡ್ಕಂಡು, ಕಾಲಿನ ಮ್ಯಾಗೆ ಮಗೀನ ಹಾಕ್ಕಂಡು ಇಲ್ಲೇ ಒರಗೋದು. ನಿಮ್ಮವ್ವನೂ ಇಲ್ಲೇ ಒರಗಿ ಎಣ್ಣೆ ಹಚ್ಚಿಸ್ಕತಿದ್ಲು. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಎಷ್ಟು ಕುಡಿದೈತೋ ಈ ಗ್ವಾಡೆ. ನಾನು ಅವತ್ತೇ ಅಂದೆ."

"ಅಂದ್ರಿ. ನಾನು ಕೇಳಲಿಲ್ಲ."

"ಊರೋರ್ನೆಲ್ಲ ಕೇಳ್ತೀಯ, ಬರ್ಕತೀಯ. ಎದುರು ಮನೆ ಮುದುಕೀನ ಯಾಕ್ ಕೇಳೀಯ" ಎಂದರು. ಸಿಟ್ಟಿರಲಿಲ್ಲ. ಮಡಿಲಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ಅವರು ಹೇಳಿದ್ದು ನಿಜವಾಗಿತ್ತು. ಎರಡು ಮೂಲ ವಿಚಾರಿಸಿದ್ದೆ. ಆ ಗೋಡೆಗೆ ಒರಗಿ ಕೂತವರನ್ನು ವಿಚಾರಿಸಿರಲಿಲ್ಲ.

ಆ ದಿನವೆಲ್ಲ ಹೆರೆದೆ. ಕರಣೆಗೆ ಹಸಿ ಬಣ್ಣ ತೊಗಟೆಯಂತೆ ಎದ್ದು ಬಂತು. ಗಿಲಾವಿನವರೆಗೆ ಹೆರೆದ ಮೇಲೆ ಅಜ್ಜಿ ಹಂಡೆ ಒಲೆಯಿಂದ ಬೂದಿ ತೋಡಿಸಿ, ಸೀಗೆಪುಡಿ ಬೆರೆಸಿ, ತೆಂಗಿನ ನಾರಿನಲ್ಲಿ ಉಜ್ಜಲು ಹೇಳಿದರು. ತಾವು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. "ಇನ್ನೂ ಒತ್ತು. ಪಾತ್ರೆ ತಿಕ್ಕಿ ಗೊತ್ತಿಲ್ವೇನ್ಲಾ?" ನಾಲ್ಕು ಸಲ ಉಜ್ಜಿದೆ. ಬೂದಿ ಹಳದಿಯಾಗಿ ಉದುರುತ್ತಿತ್ತು. ಹೆರೆದದ್ದನ್ನೆಲ್ಲ ಡಬ್ಬಕ್ಕೆ ತುಂಬಿ ಮನೆಯಿಂದ ದೂರ ಇಟ್ಟೆ. ಬಚ್ಚಲಿನ ಕಿಟಕಿಗೆ ಟೇಬಲ್ ಫ್ಯಾನನ್ನು ಹೊರಮುಖವಾಗಿ ಕಟ್ಟಿ ಹಗಲೂ ರಾತ್ರಿ ಓಡಿಸಿದೆ. ಗವಾಕ್ಷಿಗೆ ಹಲಗೆ ಹೊಡೆದು ಸುತ್ತ ಟೇಪು ಅಂಟಿಸಿದೆ.

ಶನಿವಾರ ಸಂಜೆ ಐದಕ್ಕೆ ಬಾಣಂತಿ ಕೋಣೆಯಲ್ಲಿ ನಿಂತು ಉಸಿರೆಳೆದೆ. ಏನೂ ತಿಳಿಯಲಿಲ್ಲ. ಆದರೆ ಒಂದು ವಾರದಿಂದ ಆ ವಾಸನೆಯಲ್ಲೇ ಇದ್ದ ಮೂಗು ನನ್ನದು. ಅದರ ಸಾಕ್ಷಿಗೆ ಬೆಲೆಯಿಲ್ಲ. ಅಜ್ಜಿಯನ್ನು ಕೇಳಿದೆ. "ನಂಗೇನು ಕೇಳ್ತೀಯ, ನಶ್ಯದ ಮೂಗು" ಎಂದರು. ಹೆಂಡತಿಯ ಫೋನು ಎರಡು ಸಲ ಬಂತು. ಎರಡು ಸಲವೂ, ಇನ್ನೂ ಹೇಳಲಾರೆ ಎಂದೆ.

ಅಷ್ಟರಲ್ಲಿ ಹಾಲು ಹಾಕುವ ಹೆಂಗಸು ಬಂದಳು. ಆಕೆಗೆ ಬಣ್ಣದ ಸುದ್ದಿಯೇ ಗೊತ್ತಿರಲಿಲ್ಲ. ಒಳಗೆ ಕರೆದು, ಬಾಣಂತಿ ಕೋಣೆಯಲ್ಲಿ ನಿಲ್ಲಿಸಿ, "ಇಲ್ಲಿ ಏನಾದರೂ ವಾಸನೆ ಬರ್ತಿದೆಯೇನಮ್ಮ?" ಎಂದೆ. ಸುಳಿವು ಕೊಡದ ಹಾಗೆ ಕೇಳಿದೆ.

ಆಕೆ ಮೂಗೆತ್ತಿ ನೋಡಿದಳು. "ಹೂಂ, ಬತ್ತೈತಲ್ಲ."

"ಎಂಥದ್ದು?"

"ಒಲೆ ಮ್ಯಾಲೆ ಏನೋ ಇಟ್ಟು ಮರೆತಿದ್ದೀರ. ಸಾರು ಸೀದೈತೆ ಕಣ್ರೀ."

ಅಡುಗೆಮನೆಯಲ್ಲಿ ಸಾರು ನಿಜವಾಗಿಯೂ ಸೀದಿತ್ತು. ಒಲೆ ಆರಿಸಿ, ಬಾಗಿಲು ಕಿಟಕಿ ತೆರೆದು, ಹೊಗೆಯೆಲ್ಲ ಹೋದ ಮೇಲೆ ಆಕೆಯನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದೆ. ಈಗ ಏನೂ ಇಲ್ಲ ಎಂದಳು. ಬೇರೆ ಏನೂ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದೆ. "ಬೇಕಾದ್ರೆ ನಮ್ಮೆಜಮಾನ್ರನ್ನೂ ಕಳಿಸ್ತೀನಿ, ಮೂಸಿ ನೋಡ್ಲಿ" ಎಂದು ಪಾತ್ರೆ ಎತ್ತಿಕೊಂಡು ಹೋದಳು. ಹೆಂಡತಿಗೆ ಫೋನ್ ಮಾಡಿ, ಕರೆದುಕೊಂಡು ಬಾ ಎಂದೆ.

ಭಾನುವಾರ ಬಂದರು. ಆ ರಾತ್ರಿ ಮತ್ತು ಮುಂದಿನ ಹಲವು ರಾತ್ರಿ ಮಗುವಿನ ಎದೆ ಏರಿಳಿಯುವುದನ್ನು ಎಣಿಸಿದೆ. ಮಗಳ ಸ್ನಾನಕ್ಕೆ ನೀರನ್ನು ಅಡುಗೆಮನೆಯ ಗ್ಯಾಸಿನಲ್ಲಿ ಕಾಯಿಸಿದೆವು, ಹಂಡೆಗೆ ಬೆಂಕಿ ಹಾಕಲಿಲ್ಲ. ಬಣ್ಣಕ್ಕೆ ಏಳು ದಿನ ತುಂಬುವವರೆಗೆ ಅವಳೂ ಹಿತ್ತಲಿನ ತಗಡಿನ ಮರೆಯಲ್ಲೇ ಮಾಡಿದಳು. ಬೀಗರು ಮಗು ನೋಡಲು ಬಂದರು. ಬೀಗಿತ್ತಿ ಬಚ್ಚಲಿಗೆ ಹೋಗಿ ಬಂದರೋ, ಸೀರೆ ಹೇಗೆ ಹಿಡಿದಿದ್ದರೋ ನಾನು ಗಮನಿಸಲಿಲ್ಲ. ಗಮನಿಸಲಿಲ್ಲವೆಂಬುದು ಎರಡು ದಿನದ ಮೇಲೆ ನೆನಪಾಯಿತು.

ಮಗುವಿನ ತೂಕ ಎರಡೂವರೆ ಕೆಜಿ ದಾಟಿದ್ದು ನಾಲ್ಕನೆಯ ವಾರದಲ್ಲಿ. ಇನ್ನು ನೀರು ಹಾಕಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಅಜ್ಜಿ ಬಂದರು. ಬಚ್ಚಲಿಗೆ ಗಂಡಸರು ಹೋಗುವಂತಿಲ್ಲ. ಬಾಗಿಲು ಹಾಕಿಕೊಂಡರು. ನಾನು ಹೊರಗೆ ನಿಂತೆ.

ಚೆಂಬು ಇಟ್ಟ ಸದ್ದು ಕೇಳಿತು. ಅಜ್ಜಿ ನೆಲಕ್ಕೆ ಕೂತು, ಉಸ್ಸೆಂದು ಗೋಡೆಗೆ ಒರಗಿದ ಸದ್ದು. ಆ ಜಾಗವನ್ನು ಬರೀ ಗಿಲಾವಾಗಿಯೇ ಬಿಟ್ಟಿದ್ದೆ. ಬಿಸಿನೀರಿನ ಹಬೆಗೆ ಅದು ಈಗಲೂ ಸಣ್ಣಗೆ ಎಣ್ಣೆ ಬಿಡುತ್ತದೆ. ಮೊದಲ ಚೆಂಬು ನೀರು ಬಿತ್ತು. ಮಗು ಅಳಲಿಲ್ಲ. ಎರಡನೆಯದು ಬಿತ್ತು. ಆಗಲೂ ಅಳಲಿಲ್ಲ. ಬಾಗಿಲ ಚಿಲಕದ ಮೇಲೆ ನನ್ನ ಕೈ ಇತ್ತು.

ಮೂರನೆಯ ಚೆಂಬಿಗೆ ಕಿರುಚಿತು. ಆ ಪುಟ್ಟ ಎದೆಯಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಅಳು ಅಳು, ಎದೆ ಬಿಚ್ಚಲಿ" ಎನ್ನುತ್ತಿದ್ದರು ಅಜ್ಜಿ ಒಳಗಿನಿಂದ. ಆಮೇಲೆ ದನಿ ಎತ್ತರಿಸಿ, ನಾನು ಅಲ್ಲೇ ಇದ್ದೇನೆಂದು ಗೊತ್ತಿದ್ದವರಂತೆ, "ನೆಲ ಪರವಾಗಿಲ್ಲ ಕಣ್ಲಾ, ಕಾಲು ಹಿಡೀತೈತೆ. ಗ್ವಾಡೆ ತಂಟೆಗೆ ಮಾತ್ರ ಇನ್ನು ಹೋಗಬ್ಯಾಡ" ಎಂದರು.

ನಾನು ಚಿಲಕದಿಂದ ಕೈ ತೆಗೆದೆ.