ಮಾವನ ಕೈಬರಹ

"ಅಲ್ಲಾಡಬೇಡಿ ಮಾವ," ಎನ್ನುತ್ತ ಹಚ್ಚೆ ಅಕ್ಕ ಒದ್ದೆ ಬಟ್ಟೆಯನ್ನು ಮುದುಕರ ಮುಂಗೈ ಮೇಲೆ ಒತ್ತಿ ಹಿಡಿದರು.

"ನಾನೆಲ್ಲಿ ಅಲ್ಲಾಡ್ತಿದ್ದೀನಿ? ನಿನ್ನ ಬಟ್ಟೆ ತಣ್ಣಗಿದೆ. ಕೈ ತಾನಾಗೇ ನಡುಗುತ್ತೆ."

"ಹಾಗಾದ್ರೆ ಕೈಗೆ ಹೇಳಿ, ಸುಮ್ನಿರು ಅಂತ."

"ಅದು ನನ್ನ ಮಾತು ಕೇಳೋದು ಬಿಟ್ಟು ಕಾಲವಾಯ್ತಮ್ಮಾ. ನೀನೇ ಹೇಳಿ ನೋಡು."

ಹೊರಬಾಗಿಲಲ್ಲಿ ಕಾಲೇಜು ಹುಡುಗಿಯರು ಆಗಲೇ ಚಪ್ಪಲಿ ಬಿಡುತ್ತಿದ್ದರು. ನಾಟಕದಲ್ಲಿ ಅವರದು ದರೋಡೆಕೋರರ ಪಾತ್ರ. ತೋಳಿನ ಮೇಲೆ ಹೆಡೆಯೆತ್ತಿದ ಹಾವು ಬೇಕಿತ್ತು. ಅಕ್ಕ ಅವರತ್ತ ಒಂದು ಕಣ್ಣಿಟ್ಟುಕೊಂಡೇ ನೆನೆದ ಕಾಗದವನ್ನು ಮೆಲ್ಲಗೆ ಜಾರಿಸಿ ತೆಗೆದರು. ಮಾವನ ಮುಂಗೈಯ ಒಳಬದಿಯಲ್ಲಿ ಕಪ್ಪು ಬಳ್ಳಿಯ ಅಂಚು, ಅದರ ನಡುವೆ ಒಂದು ಫೋನ್ ನಂಬರ್ ಉಳಿಯಿತು. ಹೊಳಪು ಕಾಣದಿರಲೆಂದು ಅದರ ಮೇಲೆ ಚೂರು ಪೌಡರ್ ತಟ್ಟಿದರು.

"ಓದಿ ನೋಡೋಣ."

ಮಾವ ಕನ್ನಡಕ ಸರಿಮಾಡಿಕೊಂಡು, ಅಷ್ಟೂ ಅಂಕಿಗಳನ್ನು ಒಂದೇ ಉಸಿರಿಗೆ ಓದಿದರು.

ಅಕ್ಕನಿಗೆ ಆಶ್ಚರ್ಯವಾಯಿತು. ನಂಬರ್ ಇರುವುದು ಎದುರು ನಿಂತವರು ಓದಲಿಕ್ಕೆ. ಅದನ್ನು ಅಂಟಿಸುವುದೂ ಹಾಗೆಯೇ, ಮಾವನ ಕಣ್ಣಿಗೆ ತಲೆಕೆಳಗಾಗಿ. ಬೇರೆ ದಿನಗಳಲ್ಲಾದರೆ ಅವರು ಎರಡು ಅಂಕಿ ಓದಿ ತಡವರಿಸಿ, "ಮಿಕ್ಕಿದ್ದು ನೀನೇ ಓದ್ಕೋ," ಎಂದು ಕೈ ಎಳೆದುಕೊಳ್ಳುತ್ತಿದ್ದರು.

"ಇವತ್ತು ನಿಮ್ಮ ತಲೆ ಚುರುಕಾಗಿದೆ ಮಾವ."

"ನನ್ನ ತಲೆ ಯಾವತ್ತೂ ಚುರುಕೇ. ನಿನ್ನ ಅಚ್ಚು ಇವತ್ತು ನೆಟ್ಟಗೆ ಬಂದಿದೆ."

ಒಳ್ಳೆಯ ದಿನ ಎಂದುಕೊಂಡು ಅಕ್ಕ ಹಾವಿನ ಕಡೆ ತಿರುಗಿದರು. ಆ ನಂಬರನ್ನು ತಾವೊಮ್ಮೆ ಓದಿ ನೋಡಲಿಲ್ಲ.

ಹಚ್ಚೆ ಅಕ್ಕ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಅವರು ಹಾಕುವುದು ಸೂಜಿಯಿಂದ ಚುಚ್ಚುವ ಹಚ್ಚೆಯಲ್ಲ. ನಾಲ್ಕೈದು ದಿನ ಇದ್ದು ಎಣ್ಣೆ-ಸೋಪಿಗೆ ಬಿಟ್ಟುಹೋಗುವಂಥದ್ದು. "ಉಜ್ಜಿದ್ರೆ ಹೋಗುತ್ತೆ ಅನ್ನೋದೇ ನಮ್ಮ ಗ್ಯಾರಂಟಿ," ಎಂದು ಹೊಸಬರಿಗೆ ಹೇಳುತ್ತಾರೆ. ಹುಟ್ಟುಹಬ್ಬಕ್ಕೆ ಮಗುವಿನ ಕೆನ್ನೆ ಮೇಲೆ ಚಿಟ್ಟೆ ಬೇಕೆನ್ನುವ ತಾಯಂದಿರು ಬರುತ್ತಾರೆ, ಪಂದ್ಯದ ದಿನ ತಂಡದ ಗುರುತು ಕೇಳುವ ಹುಡುಗರು ಬರುತ್ತಾರೆ. ಬ್ಯಾಂಕಿನ ಗುಮಾಸ್ತರೊಬ್ಬರು ಶನಿವಾರ ಸಂಜೆ ಬಂದು ಭುಜಕ್ಕೆ ಚೇಳು ಹಾಕಿಸಿಕೊಂಡು, ಸೋಮವಾರ ಕೆಲಸಕ್ಕೆ ಹೋಗುವ ಮೊದಲು ತಿಕ್ಕಿ ತೊಳೆಯುತ್ತಾರೆ. ಅವರ ಹೆಂಡತಿಯ ಮಾತಿನಲ್ಲಿ ಹೇಳುವುದಾದರೆ, "ರಜಾ ದಿನ ಚೇಳು, ಮಿಕ್ಕ ದಿನ ಇರುವೆ."

ಕೆಲಸ ನೋಡಲು ಸುಲಭ. ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು ನುಣುಪು ಹಾಳೆಯ ಮೇಲೆ ಮುದ್ರಿಸಬೇಕು. ಅದರ ಮೇಲೆ ಅಂಟಿನ ತೆಳು ಪದರವನ್ನು ಗುಳ್ಳೆ ಏಳದಂತೆ ಎಳೆದು ಕೂರಿಸಿ, ಅಂಚು ಕತ್ತರಿಸಬೇಕು. ಹಾಳೆಯನ್ನು ಮೈಗೆ ಬೋರಲು ಹಾಕಿ ಅಂಟಿಸುವುದರಿಂದ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ಆದ್ದರಿಂದ ಮುದ್ರಿಸುವ ಮೊದಲೇ ಚಿತ್ರವನ್ನು ಒಮ್ಮೆ ತಿರುಗಿಸಿರಬೇಕು. ಹಾಳೆಯ ಮೇಲೆ ಉಲ್ಟಾ ಇದ್ದರೆ ಮೈಮೇಲೆ ಸರಿ. ಚಿಟ್ಟೆಗೂ ಚೇಳಿಗೂ ಇದರ ಚಿಂತೆಯಿಲ್ಲ. ಅಕ್ಷರಕ್ಕೆ, ಅಂಕಿಗೆ ಇದೆ. ತಿರುಗಿಸಲು ಕಂಪ್ಯೂಟರಿನ ಪರದೆಯ ಮೇಲೊಂದು ಗುಂಡಿಯಿದೆ. ಮನೆಯವರು ಅದನ್ನು ಕನ್ನಡಿ ಗುಂಡಿ ಎನ್ನುತ್ತಾರೆ.

ಅಕ್ಕ ಮೊದಲು ಒಂದು ಫೋಟೊ ಸ್ಟುಡಿಯೋದಲ್ಲಿದ್ದರು. ಚಿತ್ರಗಳಲ್ಲಿನ ಮೊಡವೆ, ಕಲೆ, ನೆರಿಗೆ ಅಳಿಸುವುದು ಅವರ ಕೆಲಸ. ಜನ ತಮ್ಮ ಫೋನಿನಲ್ಲೇ ಮುಖ ತಿದ್ದಿಕೊಳ್ಳುವುದನ್ನು ಕಲಿತ ಮೇಲೆ ಸ್ಟುಡಿಯೋ ಮುಚ್ಚಿತು. ಮನೆಯಲ್ಲಿ ಅವರು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ ಒಂದು ಮಧ್ಯಾಹ್ನ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಚ್ಚುಕೂಟ ಮುಚ್ಚಿದಾಗ ನಾನೂ ಹೀಗೇ ಗೋಡೆ ನೋಡ್ತಾ ಕೂತಿದ್ದೆ. ಗೋಡೆ ಏನೂ ಹೇಳಲ್ಲ ಮಗಳೇ. ನನ್ನ ಕೋಣೆ ಕಿಟಕಿ ಪಕ್ಕದ ಮೇಜು ನೀನು ತಗೋ. ಅಲ್ಲಿ ಬೆಳಕಿದೆ. ಏನಾದ್ರೂ ಮಾಡು."

ಅವರು ತಮ್ಮ ಮಂಚವನ್ನು ಕತ್ತಲ ಮೂಲೆಗೆ ತಾವೇ ಎಳೆದುಕೊಂಡರು. "ತವರಲ್ಲೂ ನನಗೆ ಅಂತ ಒಂದು ಮೇಜು ಇರಲಿಲ್ಲ," ಎನ್ನುತ್ತಾರೆ ಅಕ್ಕ. ಈ ಮಾತನ್ನು ಅವರು ಯಾರು ಬಂದರೂ ಹೇಳುತ್ತಾರೆ, ಮಾವನಿಗೆ ಕೇಳಿಸುವಂತೆ.

ಮಾವ ದುಡಿಯುವಷ್ಟು ಕಾಲವೂ ಅಚ್ಚುಕೂಟದಲ್ಲಿ ಅಕ್ಷರಕ್ಕೊಂದರಂತೆ ಸೀಸದ ಮೊಳೆಗಳನ್ನು ಜೋಡಿಸಿ ಪುಟ ಕಟ್ಟಿದವರು. ಸೊಸೆ ಮೊದಮೊದಲು ಬರೆದ ಹೆಸರುಗಳನ್ನು ನೋಡಿ, "ಇದೇನು, ಅಕ್ಷರಗಳೆಲ್ಲ ಬಸ್ಸಲ್ಲಿ ನಿಂತ ಹಾಗೆ ನಿಂತಿವೆ? ಮಧ್ಯೆ ಗಾಳಿ ಆಡಬೇಕು," ಎಂದು ಅಂತರ ಬಿಡುವುದನ್ನು ಕಲಿಸಿದರು. ಅಕ್ಕನ ಹಚ್ಚೆಯಲ್ಲಿ ಹೆಸರು ದೂರದಿಂದಲೂ ಓದಲು ಬರುತ್ತದೆ ಎಂದು ಗಿರಾಕಿಗಳು ಹೇಳುವುದು ಇದರಿಂದಲೇ.

ಅಂಥವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಪಕ್ಕದ ಮನೆಯವರ ಮುಖ, ಆಮೇಲೆ ಊಟ ಮಾಡಿದ್ದು. ಪಾರ್ಕಿನಿಂದ ಬರುವಾಗ ಒಮ್ಮೆ ಹಿಂದಿನ ಬೀದಿಯ ಮನೆಯೊಂದರ ಒಳಗೆ ಹೋಗಿ, "ಕಾಫಿ ಆಯ್ತೇನಮ್ಮಾ?" ಎಂದು ಕುರ್ಚಿಯಲ್ಲಿ ಕುಳಿತರು. ಆ ಮನೆಯವರು ಕಾಫಿ ಕೊಟ್ಟೇ ಕರೆತಂದು ಬಿಟ್ಟರು. ಅಕ್ಕನ ಗಂಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನೋಡಿಕೊಳ್ಳುವವರು, ಮಧ್ಯಾಹ್ನ ಹೋದರೆ ರಾತ್ರಿ ಬರುವ ಪಾಳಿ. ಗೇಟಿಗೆ ಬೀಗ ಹಾಕೋಣ ಎಂದು ಅವರು ಹೇಳಿದ್ದು ಆಗ.

"ಹಾಕಪ್ಪಾ, ಹಾಕು. ನನ್ನನ್ನ ಹೊರಗಡೆ ಬಿಟ್ಟು ಹಾಕು," ಎಂದರು ಮಾವ ಒಳಗಿನಿಂದ.

ಅಕ್ಕ ಒಪ್ಪಲಿಲ್ಲ. ಗಾಳಿ ಆಡಬೇಕು ಎಂದು ಕಲಿಸಿದವರನ್ನು ನಾಲ್ಕು ಗೋಡೆಯ ನಡುವೆ ಕೂಡಿಹಾಕಲು ಅವರಿಗೆ ಮನಸ್ಸಾಗಲಿಲ್ಲ. ಫೋನ್ ನಂಬರಿನ ಚೀಟಿ ಕೊಟ್ಟರೆ ಕಳೆಯುತ್ತಾರೆ, ಬಳೆ ತೊಡಿಸಿದರೆ ಬಿಚ್ಚಿಡುತ್ತಾರೆ. ಮುಂಗೈ ಮೇಲೆ ನಂಬರ್ ಅಂಟಿಸಿದರೆ? ಮಾವ ಅದಕ್ಕೂ ಒಂದು ಷರತ್ತು ಹಾಕಿದರು: "ಬರೀ ನಂಬರ್ ಆದ್ರೆ ಜೈಲಿಂದ ಬಂದೋನ ಹಾಗೆ ಕಾಣುತ್ತೆ. ಸುತ್ತ ಒಂದು ಬಳ್ಳಿ ಬಿಡು." ಗಂಡನದೂ ಒಂದು ಷರತ್ತಿತ್ತು: "ಸರಿ, ನಿನ್ನ ನಂಬರೇ ಇರಲಿ. ಆದ್ರೆ ಒಂದೇ ಒಂದು ಸಲ ದಾರಿ ತಪ್ಪಿ ಫೋನ್ ಬರದಿದ್ರೆ, ಅವತ್ತಿಂದ ಬೀಗ. ಆಮೇಲೆ ನನ್ನ ಹತ್ರ ವಾದ ಮಾಡಬಾರದು."

"ಮಾಡಲ್ಲ," ಎಂದಿದ್ದರು ಅಕ್ಕ.

ಹಾವಿನ ಹುಡುಗಿಯರು ಬಂದ ದಿನ ಸಂಜೆ ಮಾವ ಎಂದಿನಂತೆ ಹೊರಟರು. ಪೈಪು ಹಾಕಲು ಪಾರ್ಕಿನ ರಸ್ತೆಯನ್ನು ಅಗೆದಿದ್ದರು. ಅವರು ಪಕ್ಕದ ರಸ್ತೆ ಹಿಡಿದರು. ಅಲ್ಲಿಂದ ಎಲ್ಲಿಗೆ ತಿರುಗಬೇಕೆಂಬುದು ಅವರಿಗೆ ಹೊಳೆದಿರಲಾರದು.

ಬೀದಿದೀಪ ಹತ್ತಿದರೂ ಅವರು ಬರಲಿಲ್ಲ. ಅಕ್ಕ ಪಾರ್ಕಿನವರೆಗೆ ಹೋಗಿ ಬಂದರು, ಹಿಂದಿನ ಬೀದಿಯಲ್ಲಿ ಕಾಫಿ ಕೊಟ್ಟಿದ್ದ ಮನೆಯಲ್ಲೂ ಕೇಳಿದರು. ಫೋನನ್ನು ಅಂಗೈಯಲ್ಲೇ ಹಿಡಿದಿದ್ದರು. ಅದು ಸುಮ್ಮನಿತ್ತು. ಕೊನೆಗೆ ಅವರೇ ಗಂಡನಿಗೆ ಫೋನ್ ಮಾಡಿದರು. "ಬರ್ತೀನಿ," ಎಂದಷ್ಟೇ ಹೇಳಿ ಗಂಡ ಇಟ್ಟರು. ಬೀಗದ ಮಾತು ಎತ್ತಲಿಲ್ಲ, ಎತ್ತದಿದ್ದುದಕ್ಕೇ ಅಕ್ಕನಿಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಮಾವ ಒಂದು ನಾಲ್ಕು ರಸ್ತೆ ಕೂಡುವಲ್ಲಿ ನಿಂತಿದ್ದರು. ಬಹಳ ಹೊತ್ತಿನಿಂದ ನಿಂತೇ ಇದ್ದವರನ್ನು ಹಣ್ಣಿನ ಗಾಡಿಯವನು ಗಮನಿಸಿ ಮಾತಾಡಿಸಿದ. ಮನೆ ಎಲ್ಲಿ ಎಂದರೆ "ಅಚ್ಚುಕೂಟದ ಹಿಂದೆ" ಎಂದರು. ಅಂಥದ್ದೊಂದು ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಮಾವ ಮುಂಗೈ ತೋರಿಸಿದರು. ಬಳ್ಳಿಯ ನಡುವೆ ಇದ್ದದ್ದು ಯಾವುದೋ ದೇಶದ ಲಿಪಿಯೆಂದು ಅವನು ತಿಳಿದ. ಅಜ್ಜ ಗಲ್ಲ ಸವರಿಕೊಳ್ಳುತ್ತಿದ್ದುದನ್ನು ಕಂಡು, ಎದುರಿನ ಕ್ಷೌರದಂಗಡಿಗೆ ಕರೆದೊಯ್ದು, "ಇವರನ್ನ ಸ್ವಲ್ಪ ಕೂರಿಸಿಕೊಂಡಿರಿ, ಯಾರಾದ್ರೂ ಹುಡುಕಿಕೊಂಡು ಬರ್ತಾರೆ," ಎಂದು ಬಿಟ್ಟುಹೋದ.

ಕುಳಿತವರಿಗೆಲ್ಲ ಬಟ್ಟೆ ಹೊದಿಸುವುದು ಕ್ಷೌರಿಕನ ಅಭ್ಯಾಸ. ಹೊದಿಸಿದ, ನೊರೆ ಹಚ್ಚಿದ, ನುಣ್ಣಗೆ ಶೇವಿಂಗ್ ಮಾಡಿದ. ಬಟ್ಟೆ ತೆಗೆದಾಗ ಮಾವ ಕೈಯೆತ್ತಿ ಬೆರಳುಗಳ ಹಿಂಬದಿಯಿಂದ ಕೆನ್ನೆ ಮುಟ್ಟಿ ನೋಡಿಕೊಂಡರು. ಎದುರಿನ ದೊಡ್ಡ ಕನ್ನಡಿಯಲ್ಲಿ, ಬಳ್ಳಿಯ ನಡುವೆ, ಸ್ಪಷ್ಟವಾದ ಒಂದು ಫೋನ್ ನಂಬರ್ ಕಾಣಿಸಿತು. ಕ್ಷೌರಿಕ ಕೈ ನೋಡಿದ, ಉಲ್ಟಾ. ಕನ್ನಡಿ ನೋಡಿದ, ನೆಟ್ಟಗೆ. "ಯಜಮಾನ್ರೇ, ಕೈ ಹಾಗೇ ಹಿಡ್ಕೊಂಡಿರಿ," ಎಂದು ಕನ್ನಡಿ ನೋಡುತ್ತಲೇ ನಂಬರ್ ಒತ್ತಿದ.

"ಅಕ್ಕಾ, ಕಟಿಂಗ್ ಶಾಪಿಂದ ಮಾತಾಡ್ತಿದ್ದೀನಿ. ಕೈಮೇಲೆ ಬಳ್ಳಿ ಇರೋ ಯಜಮಾನ್ರು ನಿಮ್ಮವರಾ?"

"ಹೌದು! ಹೇಗಿದ್ದಾರೆ?"

"ಮದುಮಗನ ಹಾಗಿದ್ದಾರೆ. ಈಗಷ್ಟೇ ಶೇವಿಂಗ್ ಮುಗೀತು."

ಅಕ್ಕ ಆಟೋ ಹಿಡಿದು ಹೋದರು. ಗಂಡ ಆಸ್ಪತ್ರೆಯ ಸಮವಸ್ತ್ರದಲ್ಲೇ ಅವರ ಹಿಂದೆಯೇ ಬಂದಿಳಿದರು. ಕ್ಷೌರಿಕ ಮಾವನ ಕೈಯನ್ನು ಕನ್ನಡಿಗೆ ಹಿಡಿದು ಇಬ್ಬರಿಗೂ ತೋರಿಸಿದ.

"ಹಣೆಬರಹ ಓದೋಕಾಗಲ್ಲ ಅಂತಾರೆ, ಒಪ್ಕೊಳ್ಳೋಣ. ನೀವು ಕೈಬರಹನೂ ಓದೋಕಾಗದ ಹಾಗೆ ಮಾಡಿದ್ದೀರಲ್ಲ ಅಕ್ಕಾ! ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಮುಂಗೈ ನಂಬರಿಗೆ ಬೇಕಾಯ್ತು ನೋಡಿ."

"ನಾನು ಕನ್ನಡಿ ಗುಂಡಿ ಒತ್ತಿದ್ದೆ," ಎಂದರು ಅಕ್ಕ. "ಇವತ್ತು ಬೆಳಿಗ್ಗೆ ನಾನೇ ಒತ್ತಿದ್ದು."

ಗಂಡ ಒಮ್ಮೆ ಕೆಮ್ಮಿದರು. "ನಿನ್ನೆ ನೀನು ಅಂಕಿ ಸಣ್ಣದಾಯ್ತು, ಕಂಪ್ಯೂಟರಲ್ಲಿ ದೊಡ್ಡದು ಮಾಡಿಡಿ ಅಂದೆಯಲ್ಲ. ನಿನಗೆ ಒಂದು ಕೆಲಸ ಕಮ್ಮಿಯಾಗಲಿ ಅಂತ ನಾನೂ ತಿರುಗಿಸಿಟ್ಟಿದ್ದೆ."

"ಹೇಳೋದಲ್ವೇನ್ರೀ?"

"ಹೇಳಿದ್ನಲ್ಲ, ಎಲ್ಲಾ ಸರಿ ಮಾಡಿಟ್ಟಿದ್ದೀನಿ ಅಂತ."

"ದಿನವಿಡೀ ಮೇಲೆ-ಕೆಳಗೆ ಮಾಡೋರಿಗೆ ಎಡ-ಬಲದ ಉಸಾಬರಿ ಯಾಕೆ ಬೇಕಿತ್ತು?"

ಕ್ಷೌರಿಕ ನಕ್ಕ. "ಗಂಡ ಒಂದು ಸಲ ತಿರುಗಿಸಿ, ಹೆಂಡತಿ ಒಂದು ಸಲ ತಿರುಗಿಸಿದ್ರೆ, ಯಾರೂ ತಿರುಗಿಸದ ಹಾಗೇ ಆಯ್ತು."

ಮಾವನಿಗೆ ಈ ಗಲಾಟೆ ಹಿಡಿಸಲಿಲ್ಲ. "ಯಾಕೆ ಜಗಳ? ಮೊಳೆ ಸರಿಯಾಗೇ ಕೂತಿದೆ. ನಾನು ಬೆಳಿಗ್ಗೇನೇ ಓದಿ ಹೇಳ್ಲಿಲ್ವಾ?"

ಆಗ ಅಕ್ಕನಿಗೆ ಅರ್ಥವಾಯಿತು. ಸೀಸದ ಮೊಳೆಯ ಮುಖದಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಜೋಡಿಸುವವರು ಸಾಲನ್ನು ತಲೆಕೆಳಗಾಗಿ ಹಿಡಿದು ಎಡದಿಂದ ಬಲಕ್ಕೆ ಓದುತ್ತಾರೆ. ಉಲ್ಟಾ ಬಿದ್ದು, ತಲೆಕೆಳಗೂ ಆಗಿದ್ದ ನಂಬರ್ ಮಾವನ ಕಣ್ಣಿಗೆ ಅಚ್ಚುಕೂಟದ ಸಾಲಿನಂತೆಯೇ ಕಂಡಿತ್ತು. ಸರಿಯಾಗಿ ಅಂಟಿಸಿದ ದಿನವೆಲ್ಲ ತಡವರಿಸಿದವರು ತಪ್ಪಿದ ದಿನ ನಿರರ್ಗಳವಾಗಿ ಓದಿದ್ದರು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಳಿತು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಕ್ಷೌರಿಕ ಶೇವಿಂಗಿನ ಹಣ ತೆಗೆದುಕೊಳ್ಳಲಿಲ್ಲ. "ಯಜಮಾನ್ರು ಪೇಪರ್ ಚೆನ್ನಾಗಿ ಓದ್ತಾರೆ. ಕೂತಿದ್ದಷ್ಟು ಹೊತ್ತು ಅದರಲ್ಲಿರೋ ತಪ್ಪೆಲ್ಲ ಹೇಳ್ತಿದ್ರು. ಸಂಜೆ ಹೊತ್ತು ಇಲ್ಲಿಗೇ ಕಳಿಸಿ, ನಮಗೂ ಕಾಲ ಹೋಗುತ್ತೆ," ಎಂದ.

ಮನೆಗೆ ಬಂದು ಮಾವ ಊಟ ಮಾಡಿ ಮಲಗಿದರು. ಅಕ್ಕನೇ ಕೇಳಿದರು: "ಬೀಗ ಯಾವಾಗ ತರ್ತೀರಿ?"

"ಯಾವ ಬೀಗ?"

"ದಾರಿ ತಪ್ಪಿದ್ರು. ಮಾತು ಅಂದ್ರೆ ಮಾತು."

"ಫೋನ್ ಬರದಿದ್ರೆ ಅಂದಿದ್ದೆ. ಬಂತಲ್ಲ," ಎಂದರು ಗಂಡ. ಸಮವಸ್ತ್ರದ ಅಂಗಿಯನ್ನು ಗೂಟಕ್ಕೆ ಹಾಕುತ್ತ, "ಅಪ್ಪ ಸರಿಯಾಗೇ ಓದಿದ್ದಾರೆ. ತಪ್ಪಿದ್ದು ನಾವು. ಅದಕ್ಕೆ ಅವರಿಗೆ ಬೀಗ ಹಾಕಿದ್ರೆ ನ್ಯಾಯವಾ? ನಾನು ಬೆಳಗಿನ ಪಾಳಿ ಕೇಳ್ತೀನಿ. ಸಂಜೆ ಜೊತೆಗೆ ಒಬ್ಬರಿರಲಿ," ಎಂದರು.

ಅಕ್ಕ ಒಲೆ ಆರಿಸಲು ಎದ್ದುಹೋದರು. ಒಲೆ ಆಗಲೇ ಆರಿತ್ತು.

ಆ ಸಂಜೆಯ ಬಗ್ಗೆ ಕೇಳಿದರೆ ಅವರು ಲೆಕ್ಕ ಹಾಕುತ್ತಾರೆ. "ಹಣ್ಣಿನವನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಕ್ಷೌರದವರು ಅಂಗಡಿ ಮುಚ್ಚೋ ಹೊತ್ತು ಅನ್ನಬಹುದಿತ್ತು. ಯಾರ ಋಣ ಅಂತ ಹೇಳಲಿ? ಮಾವನ ಋಣ ಒಂದೇ ತೀರಿಸೋಕಾಗಲ್ಲ ಅಂದ್ಕೊಂಡಿದ್ದೆ. ಈಗ ಬೀದಿ ತುಂಬ ಋಣ." ಮರುದಿನವೇ ಅವರು ಹಣ್ಣಿನವನ ಮಗಳ ಕೆನ್ನೆಗೆ ಚಿಟ್ಟೆ ಹಾಕಿ ಬಂದರು. ಕ್ಷೌರಿಕನಿಗೂ ಏನಾದರೂ ಹಾಕುತ್ತೇನೆಂದಾಗ ಅವನು ತನ್ನ ತಾಯಿಯನ್ನು ಕರೆತಂದ. ಆಕೆಗೂ ಈಚೆಗೆ ದಾರಿ ಮರೆಯುತ್ತಿತ್ತು. ಆಕೆಯ ಮುಂಗೈ ಮೇಲಿನ ನಂಬರನ್ನು ಅಕ್ಕ ಎದುರು ಕುಳಿತು, ಬೆರಳಿಟ್ಟು, ಗಟ್ಟಿಯಾಗಿ ಓದಿದರು.

ಮರೆವು ಇನ್ನೂ ಹೆಚ್ಚುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಗಂಡ ಕೇಳಿದ ಪಾಳಿ ಮಂಜೂರಾಗಿದೆ. ಸೋಮವಾರದಿಂದ ಸಂಜೆ ಅಪ್ಪ-ಮಗ ಇಬ್ಬರೂ ಕ್ಷೌರದಂಗಡಿಯವರೆಗೆ ನಡೆದು ಹೋಗುತ್ತಾರೆ.